ಮಿಸ್ಟರಿ ಮಷೀನ್ ಪ್ರತಿರೂಪ: 1966ರ ಡಾಡ್ಜ್ ಎ100ಕ್ಕೆ ಯಾವ ಬಣ್ಣ ಮೊದಲು?

ಹಳೇವ್ಯಾನ್_ಒಹಾಯೊ:
ಎಲ್ಲರಿಗೂ ನಮಸ್ಕಾರ. ಸ್ಕೂಬಿ-ಡೂ ಕಾರ್ಟೂನಿನ ಮಿಸ್ಟರಿ ಮಷೀನ್ ವ್ಯಾನನ್ನು ರಸ್ತೆ ಮೇಲೆ ಓಡುವ ಗಾಡಿಯಾಗಿ ತರುವ ಕೆಲಸ ಇದು. ಗಾಡಿ 1966ರ ಡಾಡ್ಜ್ ಎ100. ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) 90 ಇಂಚು, ಎಂಜಿನ್ 225 ಘನ ಇಂಚಿನ ಸ್ಲ್ಯಾಂಟ್ ಸಿಕ್ಸ್, ಅಂದರೆ ಓರೆಯಾಗಿ ಕೂರಿಸಿದ ಆರು ಸಿಲಿಂಡರಿನದು. ಎಡಗಡೆ ಕಿಟಕಿಯಿಲ್ಲದ ಬೋಳು ತಗಡು, ಬಲಗಡೆ ಹೊರಕ್ಕೆ ತೆರೆಯುವ ಜೋಡಿ ಬಾಗಿಲು. ಎಂಜಿನ್ ಓಡುತ್ತದೆ. ಹಳೇ ಬಣ್ಣ ತೆಗೆಯುವ ಹಂತ ಈಗ.

ಕೇಳಬೇಕಾದ್ದು ಇಷ್ಟು. ಮೈಯ ನೀಲಿ, ಕೆಳಗಿನ ಅಲೆಯ ಹಸಿರು, ಹೂವು ಮತ್ತು ಅಕ್ಷರದ ಕಿತ್ತಳೆ, ಇವುಗಳಲ್ಲಿ ಯಾವುದನ್ನು ಮೊದಲು ಹೊಡೆಯಬೇಕು? ಬಣ್ಣ ಒಳ್ಳೆಯದೋ ಅಂಟಿಸುವ ವಿನೈಲ್ ಹಾಳೆ ಒಳ್ಳೆಯದೋ? ಮೂತಿಯ ಮೇಲೆ ಸ್ಟೆಪ್ನಿ ಕೂರಿಸಿದರೆ ಏನು ತೊಂದರೆ? ಕಾರ್ಟೂನಿನ ಹಾಗೆ ಮುಂದೆ ಮೂರು ಜನ ಕೂರುವಂತೆ ಮಾಡಬಹುದೇ?

ಚಪ್ಪಟೆಮೂತಿ:
ಗಾಡಿಯ ಆಯ್ಕೆ ಚೆನ್ನಾಗಿದೆ. 1969ರ ಸೆಪ್ಟೆಂಬರ್ 13ರಂದು ಸಿಬಿಎಸ್‌ನಲ್ಲಿ ಮೊದಲ ಕಂತು ಬಂದಾಗಿನಿಂದ ಇದು ಯಾವ ಕಂಪನಿಯ ವ್ಯಾನ್ ಅನ್ನುವ ವಾದ ನಿಂತಿಲ್ಲ. ಹ್ಯಾನಾ-ಬಾರ್ಬೆರಾ ಸ್ಟುಡಿಯೋದ ಚಿತ್ರದಲ್ಲಿ ಯಾವ ಕಂಪನಿಯ ಗುರುತೂ ಇಲ್ಲ. ಆ ಕಾಲದಲ್ಲಿ ಅಮೆರಿಕದ ರಸ್ತೆಯಲ್ಲಿದ್ದ ಚಪ್ಪಟೆ ಮೂತಿಯ ವ್ಯಾನುಗಳನ್ನು ಎಣಿಸಿ ನೋಡಿ: ಫೋರ್ಡ್ ಇಕಾನೊಲೈನ್ ಮೊದಲ ಪೀಳಿಗೆ (1961-67), ಷೆವ್ರೊಲೆ ವ್ಯಾನ್ (1964-70), ಡಾಡ್ಜ್ ಎ100 (1964-70), ಷೆವ್ರೊಲೆ ಕಾರ್ವೇರ್ ಗ್ರೀನ್‌ಬ್ರಯರ್ (1961-65), ಜೊತೆಗೆ ಜರ್ಮನಿಯ ಫೋಕ್ಸ್‌ವ್ಯಾಗನ್ ಟೈಪ್ 2. ಚಿತ್ರದ ಗಾಡಿಯಲ್ಲಿ ಇವೆಲ್ಲದರ ಛಾಯೆಯೂ ಇದೆ.

ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಇದರ ಗಂಟು ಇರುವುದು. ಕಾರ್ಟೂನಿನಲ್ಲಿ ಫ್ರೆಡ್ ಸ್ಟಿಯರಿಂಗ್ ಹಿಡಿದಿರುತ್ತಾನೆ, ಡ್ಯಾಫ್ನಿ ಮತ್ತು ವೆಲ್ಮಾ ಅವನ ಪಕ್ಕದಲ್ಲಿ ಒಂದೇ ಸೀಟಿನಲ್ಲಿ ಕೂತಿರುತ್ತಾರೆ, ಶ್ಯಾಗಿ ಮತ್ತು ಸ್ಕೂಬಿ ಹಿಂದೆ. ಡಾಡ್ಜ್, ಫೋರ್ಡ್, 1964-70ರ ಷೆವ್ರೊಲೆ, ಈ ಮೂರರಲ್ಲೂ ಎಂಜಿನ್ ಇರುವುದು ಮುಂದಿನ ಎರಡು ಸೀಟುಗಳ ನಡುವೆ, ತಗಡಿನ ಪೆಟ್ಟಿಗೆಯೊಳಗೆ. ಡ್ಯಾಫ್ನಿ ಕೂರುವ ಜಾಗದಲ್ಲಿ ಎಂಜಿನ್ ಕೂತಿದೆ! ಮೂವರು ಸಾಲಾಗಿ ಕೂರಬೇಕಾದರೆ ಹಿಂದೆ ಎಂಜಿನ್ ಇರುವ ಗಾಡಿಯೇ ಬೇಕು, ಅಂದರೆ ಫೋಕ್ಸ್‌ವ್ಯಾಗನ್ ಅಥವಾ ಗ್ರೀನ್‌ಬ್ರಯರ್. ಆದರೆ ಹೊರಗಿನ ಪೆಟ್ಟಿಗೆಯಂಥ ಆಕಾರಕ್ಕೆ ಎ100 ಮತ್ತು ಇಕಾನೊಲೈನ್ ಹೆಚ್ಚು ಹತ್ತಿರ. ಹೊರಗಿನ ನೋಟವೋ, ಒಳಗಿನ ಕೂರುವಿಕೆಯೋ, ಎರಡರಲ್ಲಿ ಒಂದನ್ನು ಬಿಡಲೇಬೇಕು. ನೋಡುವವರಿಗೆ ಕಾಣುವುದು ಹೊರಗಿನದು. ಹಾಗಾಗಿ ಎ100ಕ್ಕೇ ನನ್ನ ಮತ.

ಎಂಜಿನ್ ಪೆಟ್ಟಿಗೆಯ ಮೇಲೆ ದಿಂಬು ಹಾಕಿ ಮೂರನೆಯವರನ್ನು ಕೂರಿಸುವ ಯೋಚನೆ ಖಂಡಿತ ಬೇಡ. ಬೆಲ್ಟ್ ಬಿಗಿಯಲು ಆಧಾರ ಇರುವುದಿಲ್ಲ, ಮುಂದೆ ಗಾಜು ಮೊಣಕಾಲಿಗೆ ತಾಗುವಷ್ಟು ಹತ್ತಿರ, ಕೆಳಗೆ ಕಾದ ಕಬ್ಬಿಣ.

ಕಡಲತಡಿ_ಪರ್ತ್:
ಇಲ್ಲಿ ಒಂದು ಮಾತು ಸೇರಿಸ್ಬೇಕು ಮಾರಾಯ್ರೇ. 2002ರ ಸಿನೆಮಾದ ವ್ಯಾನನ್ನು ಮನಸ್ಸಿನಲ್ಲಿ ಇಟ್ಕೊಂಡು ಹೊರಟವರಿಗೆ ಲೆಕ್ಕವೇ ಬೇರೆ. ಆ ಸಿನೆಮಾದ ಚಿತ್ರೀಕರಣ ಆದದ್ದು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ, ಬಳಸಿದ್ದು ಬೆಡ್‌ಫೋರ್ಡ್ ಸಿಎಫ್. ಅದು ಬ್ರಿಟಿಷ್ ವ್ಯಾನ್, 1969ರಲ್ಲಿ ಬಂದದ್ದು. ಇಲ್ಲಿ ಹೋಲ್ಡನ್ ಆರು ಸಿಲಿಂಡರ್ ಎಂಜಿನ್ ಹಾಕಿದ ಸಿಎಫ್ ಸಿಗ್ತದೆ, ಅದರ ಬಿಡಿಭಾಗ ಈಗಲೂ ಸುಲಭ. ಅದಕ್ಕೆ ಚಿಕ್ಕದೊಂದು ಮೂಗು ಉಂಟು, ಎ100ರ ಹಾಗೆ ಗೋಡೆಯಂಥ ಮುಖ ಅಲ್ಲ. ಟಿವಿಯದ್ದು ಮಾಡ್ತೀರಾ ಸಿನೆಮಾದ್ದು ಮಾಡ್ತೀರಾ ಅಂತ ಮೊದಲೇ ತೀರ್ಮಾನ ಮಾಡಿ. ಎರಡನ್ನೂ ಬೆರೆಸಿದ ಗಾಡಿ ನೋಡಿದ ಕೂಡಲೇ ಏನೋ ತಪ್ಪಿದೆ ಅಂತ ಅನ್ನಿಸ್ತದೆ.

ತಗಡುಕೆಲಸ:
ಬಣ್ಣದ ಮಾತಿಗೆ ಮೊದಲು ತಗಡಿನ ಮಾತು ಮುಗಿಸೋಣ.

ಹಳೇ ಬಣ್ಣ ತೆಗೆಯಲು ಪಕ್ಕದ ದೊಡ್ಡ ತಗಡುಗಳಿಗೆ ಮರಳು ಹೊಡೆಸಬೇಡಿ. ಒತ್ತಡಕ್ಕೆ ತಗಡು ಹಿಗ್ಗಿ ಅಲೆಯಾಗುತ್ತದೆ, ಆಮೇಲೆ ಬೆರಳಿನಿಂದ ಒತ್ತಿದರೆ ಎಣ್ಣೆ ಡಬ್ಬಿಯ ತಳದ ಹಾಗೆ ಟಪ್ ಟಪ್ ಅನ್ನುತ್ತದೆ. ಅದನ್ನು ಸರಿ ಮಾಡುವುದು ಬಲು ಕಷ್ಟ. ಬಣ್ಣ ಕರಗಿಸುವ ಸ್ಟ್ರಿಪ್ಪರ್ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಬಿಟ್ಟು, ಆಮೇಲೆ ಕೆರೆಯಿರಿ. ಅರವತ್ತರ ದಶಕದ ಬಣ್ಣದಲ್ಲಿ ಸೀಸ ಇರಬಹುದು. ಒಣ ಎಮರಿ ಪೇಪರ್‌ನಲ್ಲಿ ಉಜ್ಜಿ ಧೂಳೆಬ್ಬಿಸುವುದು ಅಪಾಯ. ನೀರು ಹಾಕಿ ಉಜ್ಜಿ, ಪಿ100 ದರ್ಜೆಯ ಮಾಸ್ಕ್ ಹಾಕಿ.

ತುಕ್ಕು ಹುಡುಕಬೇಕಾದ ಜಾಗಗಳು: ಛಾವಣಿಯ ಸುತ್ತ ನೀರು ಹರಿಯುವ ಕಾಲುವೆ, ಮುಂದಿನ ಗಾಜಿನ ಕೆಳಮೂಲೆಗಳು, ಹತ್ತುವ ಮೆಟ್ಟಿಲಿನ ಗುಂಡಿ, ಚಕ್ರದ ಕಮಾನಿನ ಒಳಮೈ, ಬಾಗಿಲುಗಳ ಕೆಳ ಅಂಚು. ಬಾಗಿಲ ತಳದಲ್ಲಿ ನೀರು ಇಳಿದು ಹೋಗಲು ತೂತುಗಳಿರುತ್ತವೆ. ಹಿಂದೆ ಯಾರೋ ಪುಟ್ಟಿ ಬಳಿದು ಅವನ್ನು ಮುಚ್ಚಿರುವುದು ಸಾಮಾನ್ಯ. ತೂತು ತೆರೆಯದೆ ಮೇಲೆ ಎಷ್ಟು ಚೆಂದ ಬಣ್ಣ ಹೊಡೆದರೂ ಒಳಗಿನಿಂದ ಗುಳ್ಳೆ ಎದ್ದೇ ಏಳುತ್ತದೆ. ಈ ಗಾಡಿಯಲ್ಲಿ ಕೆಳಭಾಗದ ಅಲೆಯೇ ಹಸಿರು, ಗುಳ್ಳೆ ಮೊದಲು ಕಾಣುವುದೂ ಅಲ್ಲೇ.

ತೇಪೆಗೆ 18 ಅಥವಾ 20 ಗೇಜ್ ತಗಡು, ಸುತ್ತಲಿನ ದಪ್ಪ ನೋಡಿ ಆರಿಸಿ. ಮಿಗ್ ವೆಲ್ಡಿಂಗ್‌ಗೆ 0.6 ಮಿ.ಮೀ. ತಂತಿ, 75 ಪಾಲು ಆರ್ಗಾನ್ 25 ಪಾಲು ಕಾರ್ಬನ್ ಡೈಆಕ್ಸೈಡ್ ಅನಿಲ. ಉದ್ದಕ್ಕೆ ಎಳೆಯಬೇಡಿ. 25-30 ಮಿ.ಮೀ. ಅಂತರದಲ್ಲಿ ಒಂದೊಂದೇ ಚುಕ್ಕಿ ಇಡಿ, ಈ ತುದಿಯಲ್ಲಿ ಒಂದು, ಆ ತುದಿಯಲ್ಲಿ ಒಂದು. ಕೈ ಇಟ್ಟರೆ ಸುಡದಷ್ಟು ತಣ್ಣಗಾದ ಮೇಲೆ ನಡುವಿನವು. ಪುಟ್ಟಿ 3 ಮಿ.ಮೀ. ಮೀರಬಾರದು. ಅದಕ್ಕಿಂತ ಆಳದ ತಗ್ಗು ಇದ್ದರೆ ಟಿಂಕರಿಂಗ್ ಇನ್ನೂ ಬಾಕಿ ಇದೆ ಎಂದೇ ಅರ್ಥ. 400 ಮಿ.ಮೀ.ಗಿಂತ ಉದ್ದದ ಪಟ್ಟಿಗೆ ಪೇಪರ್ ಕಟ್ಟಿ ಓರೆಯಾಗಿ ಉಜ್ಜಿ. ಚಿಕ್ಕ ಹಲಗೆ ತಗ್ಗಿನೊಳಕ್ಕೇ ಇಳಿದು ತಗ್ಗನ್ನು ಹಾಗೇ ಉಳಿಸುತ್ತದೆ. ಎಡಗಡೆಯ ಬೋಳು ತಗಡಿನ ಮೇಲೆ ಹೊಳಪಿನ ನೀಲಿ ಬಂದಾಗ ಟ್ಯೂಬ್‌ಲೈಟಿನ ಗೆರೆ ಅದರಲ್ಲಿ ನೆಟ್ಟಗೆ ಕಾಣಬೇಕು. ಗೆರೆ ಡೊಂಕಾದ ಕಡೆ ತಗಡೂ ಡೊಂಕು.

ಪೇಂಟ್‌ಬೂತ್:
ಬಣ್ಣದ ಕ್ರಮದ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಪ್ರತಿರೂಪ ಮಾಡುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ.

ಎಲ್ಲರಿಗೂ ಮೊದಲು ಹೊಳೆಯುವುದು ಇದು: ಇಡೀ ಗಾಡಿಗೆ ನೀಲಿ ಹೊಡೆ, ಕೆಳಗೆ ಹಸಿರು ಅಲೆ ಹೊಡೆ, ಕೊನೆಗೆ ಕಿತ್ತಳೆ ಹೂವು ಮತ್ತು ಅಕ್ಷರ. ಗೋಡೆಗೆ ಚಿತ್ರ ಬರೆಯುವಾಗ ಹೀಗೇ ಮಾಡುತ್ತೇವೆ. ಗಾಡಿಗೆ ಇದು ತಪ್ಪು ಕ್ರಮ.

ಕಾರಣ ಬಣ್ಣದ ಮುಚ್ಚುವ ಶಕ್ತಿ. ಈಗಿನ ಸೀಸವಿಲ್ಲದ ಕಿತ್ತಳೆ ಮತ್ತು ನಿಂಬೆ ಹಸಿರು ಅಡಿಯ ಬಣ್ಣವನ್ನು ಸರಿಯಾಗಿ ಮುಚ್ಚುವುದಿಲ್ಲ. ನೀಲಿಯ ಮೇಲೆ ಕಿತ್ತಳೆ ಹೊಡೆದರೆ ಮೊದಲ ಮೂರು ಕೋಟು ಕೆಸರಿನ ಕಂದು. ಐದು ಆರು ಕೋಟು ಹೊಡೆದರೂ ಬಿಸಿಲಿಗೆ ನಿಲ್ಲಿಸಿದಾಗ ಮಂಕು ಕಾಣುತ್ತದೆ. ಅಷ್ಟರಲ್ಲಿ ಹೂವಿನ ಅಂಚು ಉಗುರಿಗೆ ಸಿಗುವಷ್ಟು ದಪ್ಪ ಆಗಿರುತ್ತದೆ, ಅದನ್ನು ಕ್ಲಿಯರ್ ಕೋಟಿನ (ಕೊನೆಯ ಪಾರದರ್ಶಕ ಪದರದ) ಅಡಿ ಅಡಗಿಸಲು ಇನ್ನಷ್ಟು ಕೋಟು ಬೇಕು. ನೀಲಿ ಹಾಗಲ್ಲ. ಬಿಳಿ ಬೆರೆತ ನೀಲಿ ಎರಡೇ ಕೋಟಿಗೆ ಏನಿದ್ದರೂ ಮುಚ್ಚುತ್ತದೆ.

ಆದ್ದರಿಂದ ಬಲ ಇಲ್ಲದ ಬಣ್ಣ ಮೊದಲು, ಬಲವಾದದ್ದು ಕೊನೆಗೆ. ಹೀಗೆ ಮಾಡಿ:

ಬರಿ ತಗಡಿಗೆ ಎಪಾಕ್ಸಿ ಪ್ರೈಮರ್ ಎರಡು ಕೋಟು. ಪುಟ್ಟಿ ಕೆಲಸ ಇದರ ಮೇಲೆ. ಆಮೇಲೆ ದಪ್ಪ 2ಕೆ ಪ್ರೈಮರ್ (ಹಾರ್ಡ್ನರ್ ಬೆರೆಸುವ ಪ್ರೈಮರ್) ಮೂರು ಕೋಟು, 180ರಿಂದ ಶುರುಮಾಡಿ 320, 400, ಕೊನೆಗೆ 600ರ ವಾಟರ್ ಪೇಪರ್. ಅದರ ಮೇಲೆ ಇಡೀ ಗಾಡಿಗೆ ಬಿಳಿ ಸೀಲರ್ ಒಂದು ಕೋಟು. ಬೂದು ಸೀಲರ್ ಬೇಡ, ಕಿತ್ತಳೆ ಬೆಳಗುವುದೇ ಅಡಿಯ ಬಿಳಿಯಿಂದ.

ಈಗ ಹೂವು ಬರುವ ಜಾಗದಲ್ಲಿ ಮಾತ್ರ, ಗಡಿಗಿಂತ ಎರಡು ಬೆರಳು ಹೊರಗೆ ಹೋಗುವಂತೆ, ಕಿತ್ತಳೆ ಹೊಡೆಯಿರಿ. ಒಣಗಿದ ಮೇಲೆ ಹೂವಿನ ಆಕಾರದ ಮಾಸ್ಕ್ ಅಂಟಿಸಿ ಅದನ್ನು ಮುಚ್ಚಿಡಿ. ಆಮೇಲೆ ಕೆಳಭಾಗಕ್ಕೆ ಹಸಿರು, ಅಲೆಯ ಗೆರೆಯನ್ನು ದಾಟಿ ಒಂದಷ್ಟು ಮೇಲಕ್ಕೆ. ಅಲೆಯ ಅಂಚನ್ನು 3 ಮಿ.ಮೀ. ಫೈನ್‌ಲೈನ್ ಟೇಪಿನಿಂದ (ತಿರುವಿನ ಗೆರೆಗೆ ಬಳಸುವ ಸಣ್ಣ ಮಾಸ್ಕಿಂಗ್ ಟೇಪ್) ಎಳೆದು ಹಸಿರನ್ನು ಮುಚ್ಚಿ. ಕೊನೆಗೆ ಉಳಿದ ಎಲ್ಲದಕ್ಕೂ ನೀಲಿ. ಮಾಸ್ಕ್ ಬಿಚ್ಚಿದಾಗ ಹೂವು ಗಾಡಿಯ ಮೇಲೆ ಎದ್ದು ಕೂತಿರುವುದಿಲ್ಲ, ನೀಲಿಯೊಳಗೆ ಕೆತ್ತಿ ಕೂರಿಸಿದ ಹಾಗೆ ಇರುತ್ತದೆ. ಅಂಚಿನ ಎತ್ತರ ನೀಲಿಯ ಎರಡು ಕೋಟಿನಷ್ಟೇ.

ಇಲ್ಲಿ ಕೆಡುವುದು ಎರಡು ಕಡೆ. ಒಂದು, ಟೇಪಿನ ಅಡಿ ಬಣ್ಣ ನುಗ್ಗುವುದು. ನೀಲಿ ಹೊಡೆಯುವ ಮೊದಲು ಟೇಪಿನ ಅಂಚಿಗೆ ಬಣ್ಣವಿಲ್ಲದ ಇಂಟರ್‌ಕೋಟ್ ಕ್ಲಿಯರ್ ತೆಳ್ಳಗೆ ಒಂದು ಸುತ್ತು ಹೊಡೆದರೆ, ನುಗ್ಗುವುದೇನಿದ್ದರೂ ಬಣ್ಣವಿಲ್ಲದ್ದೇ ನುಗ್ಗಿ ದಾರಿ ಮುಚ್ಚುತ್ತದೆ. ಇನ್ನೊಂದು, ಗಡುವು. ಬೇಸ್‌ಕೋಟಿನ (ಕ್ಲಿಯರ್‌ನ ಅಡಿಯ ಬಣ್ಣದ ಪದರದ) ಮೇಲೆ ಉಜ್ಜದೆ ಮುಂದಿನ ಕೋಟು ಹೊಡೆಯಲು ಸಾಮಾನ್ಯವಾಗಿ 24 ಗಂಟೆ ಸಮಯ ಇರುತ್ತದೆ, ಡಬ್ಬಿಯ ಮೇಲೆ ಬರೆದಿರುವುದನ್ನು ನೋಡಿಕೊಳ್ಳಿ. ಮೂರು ಬಣ್ಣ, ಎರಡು ಸಲ ಮಾಸ್ಕಿಂಗ್ ಇರುವ ಇಂಥ ಕೆಲಸ ಒಂದು ದಿನದಲ್ಲಿ ಮುಗಿಯುವುದು ಕಷ್ಟ. ಮುಗಿಯದಿದ್ದರೆ ಇಂಟರ್‌ಕೋಟ್ ಕ್ಲಿಯರ್ ಹೊಡೆದು ನಿಲ್ಲಿಸಿ. ಮರುದಿನ ಬೂದು ಸ್ಕಾಚ್‌ಬ್ರೈಟ್‌ನಲ್ಲಿ (ಉಜ್ಜುವ ನಾರಿನಲ್ಲಿ) ಹಗುರಾಗಿ ಉಜ್ಜಿ ಮುಂದುವರಿಸಿ. ಗಡುವು ಮೀರಿ ಹಾಗೇ ಹೊಡೆದರೆ ಆರು ತಿಂಗಳಲ್ಲಿ ಹೂವಿನ ಅಂಚಿನಿಂದ ಸಿಪ್ಪೆ ಏಳುತ್ತದೆ.

ಎಷ್ಟು ಬೇಕು? ಎ100ರ ಉದ್ದ ಹತ್ತಿರ ಹತ್ತಿರ 4.4 ಮೀಟರ್. ಛಾವಣಿಯೂ ಸೇರಿ ಹೊರಮೈ ಸುಮಾರು 27 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಥಿನ್ನರ್ ಬೆರೆಸುವ ಮೊದಲಿನ ಲೆಕ್ಕದಲ್ಲಿ ನೀಲಿ 3 ಲೀಟರ್, ಹಸಿರು 2, ಕಿತ್ತಳೆ 1, ಕ್ಲಿಯರ್ 5 ಲೀಟರ್ ಮತ್ತು ಅದಕ್ಕೆ ತಕ್ಕ ಹಾರ್ಡ್ನರ್. ನೀಲಿಯನ್ನು ಒಂದೇ ಸಲಕ್ಕೆ ಕಲಸಿ, ಎರಡು ಡಬ್ಬಿಯಿದ್ದರೆ ಒಟ್ಟಿಗೆ ಬೆರೆಸಿಕೊಳ್ಳಿ. ಎಡಗಡೆ ಒಂದು ಛಾಯೆ, ಬಲಗಡೆ ಇನ್ನೊಂದು ಛಾಯೆ ಆದರೆ ಮತ್ತೆ ಮೊದಲಿಂದ ಶುರು.

ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ: ಕ್ಲಿಯರ್‌ನ ಹಾರ್ಡ್ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದಕ್ಕೆ ವಾಸನೆಯ ಎಚ್ಚರಿಕೆ ಇಲ್ಲ, ಒಮ್ಮೆ ಶ್ವಾಸಕೋಶಕ್ಕೆ ಅಲರ್ಜಿ ಅಂಟಿದರೆ ಜೀವಮಾನ ಬಿಡುವುದಿಲ್ಲ. ಹೊರಗಿನ ಗಾಳಿ ಕೊಳವೆಯಲ್ಲಿ ಬರುವ ಮಾಸ್ಕ್ ಇಲ್ಲದಿದ್ದರೆ ಕ್ಲಿಯರ್ ಹೊಡೆಯುವ ಕೆಲಸವನ್ನಾದರೂ ಬೂತ್ ಇರುವವರಿಗೆ ಕೊಡಿ.

ಹಳೇವ್ಯಾನ್_ಒಹಾಯೊ:
ಬಿಳಿ ಸೀಲರ್ ವಿಷಯ ತಲೆಗೇ ಬಂದಿರಲಿಲ್ಲ, ತುಂಬಾ ಉಪಕಾರ ಆಯಿತು. ಛಾಯೆ ಆರಿಸುವುದು ಹೇಗೆ? ಒಂದೊಂದು ಕಂತಿನಲ್ಲಿ ನೀಲಿ ಒಂದೊಂದು ಥರ ಕಾಣುತ್ತದೆ. ಕಿತ್ತಳೆಗೆ ಫ್ಲೋರೊಸೆಂಟ್ ಬಣ್ಣ ಹಾಕಿದರೆ ಕಾರ್ಟೂನಿನ ಹೊಳಪು ಬರುತ್ತದೆಯೇ?

ಪೇಂಟ್‌ಬೂತ್:
ಫ್ಲೋರೊಸೆಂಟ್ ಬೇಡವೇ ಬೇಡ. ಬಿಸಿಲಿಗೆ ನಿಂತ ಗಾಡಿಯಲ್ಲಿ ಅದು ಬೇಗ ಸಾಯುತ್ತದೆ, ಒಂದೆರಡು ಬೇಸಿಗೆಯಲ್ಲಿ ಪೇಲವ.

ಛಾಯೆಗೆ ಟಿವಿ ಪರದೆ, ಫೋನ್ ಪರದೆಯನ್ನು ನಂಬಬೇಡಿ. ಕಾರ್ಟೂನ್ ಬರೆಯುವ ಪಾರದರ್ಶಕ ಸೆಲ್ ಹಾಳೆ, ಫಿಲ್ಮು, ಹಳೇ ಟಿವಿ, ಈಗಿನ ಡಿಜಿಟಲ್ ಪ್ರತಿ, ಪ್ರತಿ ಹೆಜ್ಜೆಯಲ್ಲೂ ಬಣ್ಣ ಸರಿದಿದೆ. ಮೂರು ನಾಲ್ಕು ನೀಲಿಗಳನ್ನು ಬಿಳಿ ಸೀಲರ್ ಹೊಡೆದ ರಟ್ಟಿನ ಮೇಲೆ ಹೊಡೆದು, ಕ್ಲಿಯರ್ ಹಾಕಿ, ಕಿತ್ತಳೆ ಮತ್ತು ಹಸಿರಿನ ರಟ್ಟುಗಳ ಪಕ್ಕ ಇಟ್ಟು ನೋಡಿ. ಮಧ್ಯಾಹ್ನದ ಬಿಸಿಲಲ್ಲಿ ಒಮ್ಮೆ, ಸಂಜೆ ಒಮ್ಮೆ, ಟ್ಯೂಬ್‌ಲೈಟಿನಲ್ಲಿ ಒಮ್ಮೆ. ಮೂರೂ ಜೊತೆಯಲ್ಲಿ ಒಪ್ಪಬೇಕು. ನೀಲಿ ಒಂಟಿಯಾಗಿ ಚೆಂದ ಕಂಡು, ಹಸಿರಿನ ಪಕ್ಕ ಇಟ್ಟಾಗ ಅಲೆಯ ಗೆರೆಯೇ ಮಸುಕಾಗುವುದು ಉಂಟು. ಆಗ ನೀಲಿಯನ್ನು ಒಂದು ಮೆಟ್ಟಿಲು ಗಾಢ ಮಾಡಿ.

ಕಾರ್ಟೂನಿನ ಹಾಗೆ ಕಾಣಲಿ ಅಂತ ಮ್ಯಾಟ್ ಕ್ಲಿಯರ್ ಹೊಡೆಯುವವರಿದ್ದಾರೆ. ನೋಟಕ್ಕೆ ಸೊಗಸು, ನಿಜ. ಆದರೆ ಮ್ಯಾಟ್ ಕ್ಲಿಯರ್‌ಗೆ ರಬ್ಬಿಂಗ್ ಮಾಡುವಂತಿಲ್ಲ. ಒಂದು ಇಳಿತ ಬಿದ್ದರೂ, ಒಂದು ನೊಣ ಕೂತರೂ ಆ ಇಡೀ ತಗಡಿಗೆ ಮತ್ತೆ ಹೊಡೆಯಬೇಕು. ಹೊಳಪಿನದ್ದೇ ಹಾಕಿ.

ಸ್ಟಿಕ್ಕರ್‌ಶಾಪ್:
ವಿನೈಲ್ ಪರವಾಗಿ ನಾನು ಮಾತಾಡ್ಲಾ? ಮೂರು ಬಣ್ಣದ ಮಾಸ್ಕಿಂಗ್ ತಲೆನೋವಿಲ್ಲ, ಬೇಡ ಅಂದಾಗ ಕಿತ್ತರೆ ಹಳೇ ಗಾಡಿ ವಾಪಸ್. ಕ್ಯಾಸ್ಟ್ ವಿನೈಲ್ ಮಾತ್ರ ತಗೊಳ್ಳಿ. ಅಗ್ಗದ ಕ್ಯಾಲೆಂಡರ್ಡ್ ಹಾಳೆ ಉಬ್ಬುತಗ್ಗಿನಲ್ಲಿ ಎಳೆದು ಕೂರಿಸಿದ್ರೂ ಬಿಸಿಲಿಗೆ ಕುಗ್ಗಿ ಎದ್ದು ಬರತ್ತೆ. 152 ಸೆಂ.ಮೀ. ಅಗಲದ ರೋಲ್ ಬರತ್ತೆ. ಈ ಗಾಡಿಗೆ ಮೂರು ಬಣ್ಣವೂ ಸೇರಿ 20-22 ಮೀಟರ್ ಬೇಕು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀಲಿ. ಎಳೆದು ಕೂರಿಸಿದ ಜಾಗಗಳಿಗೆಲ್ಲ ಕೊನೆಗೆ 95 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಿಸಿ ಮುಟ್ಟಿಸ್ಬೇಕು, ಥರ್ಮಾಮೀಟರ್ ಗನ್ ಹಿಡಿದು ನೋಡಿ. ಈ ಹೆಜ್ಜೆ ಬಿಟ್ರೆ ವಿನೈಲ್‌ಗೆ ತನ್ನ ಹಳೇ ಆಕಾರ ನೆನಪಿರತ್ತೆ, ವಾಪಸ್ ಹೋಗತ್ತೆ.

ತಗಡುಕೆಲಸ:
ಒಪ್ಪಿದೆ, ಆದರೆ ಈ ಗಾಡಿಗಲ್ಲ. ಹಳೇ ಬಣ್ಣ ಗಟ್ಟಿಯಾಗಿದ್ದು ಅದನ್ನು ಉಳಿಸಿಕೊಳ್ಳಬೇಕು ಅನ್ನುವವರಿಗೆ ವಿನೈಲ್ ಸರಿ. ಇಲ್ಲಿ ಬಣ್ಣ ಹೇಗೂ ಕೆರೆದಾಗಿದೆ. ಬರಿ ಪ್ರೈಮರ್ ಮೇಲೆ ವಿನೈಲ್ ಅಂಟಿಸಿದರೆ ಕೀಳುವಾಗ ಪ್ರೈಮರನ್ನೂ ಎತ್ತಿಕೊಂಡು ಬರುತ್ತದೆ. ಹೊಸ ಬಣ್ಣ ಹೊಡೆದು ಅದರ ಮೇಲೆ ಅಂಟಿಸುವುದಾದರೆ ಬಣ್ಣದೊಳಗಿನ ಥಿನ್ನರ್ ಪೂರ್ತಿ ಹೊರಹೋಗಲು ಒಂದು ತಿಂಗಳಾದರೂ ಕಾಯಬೇಕು, ಇಲ್ಲವಾದರೆ ಅಡಿಯಲ್ಲಿ ಗುಳ್ಳೆ. ಒಂದು ಬಣ್ಣ ಹೊಡೆಯುವ ಶ್ರಮದಲ್ಲಿ ಮೂರು ಬಣ್ಣ ಹೊಡೆದುಬಿಡಬಹುದು. ಛಾವಣಿ ಕಾಲುವೆಯ ಅಂಚಿನಲ್ಲಿ ನೀರು ನಿಲ್ಲುತ್ತದೆ, ವಿನೈಲ್ ಅಲ್ಲಿಂದಲೇ ಬಿಡಲು ಶುರುವಾಗುವುದು.

ಬೋರ್ಡ್‌ಬರಹ:
ಅಕ್ಷರದ ಬಗ್ಗೆ ಇನ್ನೂ ಯಾರೂ ಮಾತೆತ್ತಿಲ್ಲ. ಇಡೀ ಗಾಡಿಯ ಜೀವ ಅಲ್ಲಿದೆ.

ಬಲಗಡೆ ಜೋಡಿ ಬಾಗಿಲಿದೆ ಎಂದಿರಿ. ಮಿಸ್ಟರಿ ಅನ್ನುವ ಇಂಗ್ಲಿಷ್ ಪದದಲ್ಲಿ ಏಳು ಅಕ್ಷರ, ಮಷೀನ್‌ನಲ್ಲೂ ಏಳು. ಎರಡು ಸಾಲಿನಲ್ಲಿ ಬರೆದು ಬಾಗಿಲ ಜೋಡಿಯ ನಟ್ಟನಡುವೆ ಕೂರಿಸಿದರೆ ನಡುವಿನ ಸಂದು ನೇರವಾಗಿ ನಾಲ್ಕನೇ ಅಕ್ಷರದ ಮೇಲೆ ಬರುತ್ತದೆ. ಮೇಲಿನ ಸಾಲಿನಲ್ಲಿ ಅದು ಟಿ, ಕೆಳಗಿನದರಲ್ಲಿ ಎಚ್. ಎಚ್ ಅಕ್ಷರದ ಅಡ್ಡಗೆರೆ ಸಂದಿನಲ್ಲಿ ತುಂಡಾದರೂ ಕಣ್ಣು ಸೇರಿಸಿಕೊಂಡು ಓದುತ್ತದೆ. ಆದರೆ ಟಿ ಅಕ್ಷರದ ಕಂಬವೇ ಸಂದಿನೊಳಗೆ ಬೀಳುತ್ತದೆ. ಹತ್ತು ಅಡಿ ದೂರದಿಂದ ನೋಡಿದರೆ ಕಂಬದ ಜಾಗದಲ್ಲಿ ಕಪ್ಪು ಗೆರೆ, ತಲೆಯ ಮೇಲೊಂದು ಟೋಪಿ, ಅಷ್ಟೇ ಉಳಿಯುತ್ತದೆ.

ಪರಿಹಾರ ಸುಲಭ. ಅಕ್ಷರದ ಸರಾಸರಿ ಅಗಲ 160 ಮಿ.ಮೀ. ಇದ್ದರೆ ಇಡೀ ಬರಹವನ್ನು ಅರ್ಧ ಅಕ್ಷರ, ಅಂದರೆ 80 ಮಿ.ಮೀ. ಬಲಕ್ಕೆ ಸರಿಸಿ. ಸಂದು ಎಸ್ ಮತ್ತು ಟಿ ನಡುವೆ, ಕೆಳಗೆ ಸಿ ಮತ್ತು ಎಚ್ ನಡುವೆ ಬೀಳುತ್ತದೆ. ಆಚೆಗಿನ ಹೂವನ್ನೂ ಅಷ್ಟೇ ಸರಿಸಿದರೆ ಸರಿಸಿದ್ದು ಯಾರಿಗೂ ತಿಳಿಯುವುದಿಲ್ಲ. ಬಾಗಿಲ ಹಿಡಿ, ಕೀಲುಗಳ ಜಾಗವನ್ನೂ ಇದೇ ಹಂತದಲ್ಲಿ ಗುರುತು ಮಾಡಿಕೊಳ್ಳಿ. ಹಿಡಿ ಅಕ್ಷರದ ಹೊಟ್ಟೆಯೊಳಗೆ ಬಂದರೆ ಪರವಾಗಿಲ್ಲ, ಅಂಚಿನ ಮೇಲೆ ಬರಬಾರದು.

ಚಿತ್ರ ಇಳಿಸಲು ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ಟೈರಿನ ಗಾಳಿ ಸರಿ ಇರಲಿ. ಕತ್ತಲಾದ ಮೇಲೆ ಪ್ರೊಜೆಕ್ಟರ್ ಅನ್ನು ತಗಡಿಗೆ ನೇರ ಎದುರಾಗಿ, ತಗಡಿನ ನಡುಮಟ್ಟದ ಎತ್ತರದಲ್ಲಿ ಇಡಿ. ಓರೆಯಾದರೆ ಒಂದು ಕಡೆಯ ಅಕ್ಷರ ದೊಡ್ಡದಾಗುತ್ತದೆ. ನೇರ ಗಾಡಿಯ ಮೇಲೆ ಗೀಚಬೇಡಿ. ಕಂದು ಹಾಳೆ ಅಂಟಿಸಿ ಅದರ ಮೇಲೆ ಗೆರೆ ಎಳೆಯಿರಿ, ಹಲ್ಲಿನ ಚಕ್ರದಿಂದ ಗೆರೆಯುದ್ದಕ್ಕೂ ತೂತು ಮಾಡಿ, ಇದ್ದಿಲ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ತಟ್ಟಿ. ಹಾಳೆ ಉಳಿಯುತ್ತದೆ, ಹೂವನ್ನು ತಿರುಗಿಸಿ ಎಡಗಡೆಗೂ ಬಳಸಬಹುದು. ಅಕ್ಷರದ ಹಾಳೆಯನ್ನು ತಿರುಗಿಸಲಾಗದು, ಹಾಗೇ ಇಡಬೇಕು, ಅಂದರೆ ಎಡಗಡೆ ಹೂವು ಮತ್ತು ಅಕ್ಷರದ ನಡುವಿನ ಜಾಗವನ್ನು ಹೊಸದಾಗಿ ಅಳೆಯಬೇಕು.

ಪೇಂಟ್‌ಬೂತ್ ಅವರ ಕ್ರಮದಲ್ಲಿ ಒಂದು ತಿದ್ದುಪಡಿ. ಹೂವಿಗೆ ಅದು ಸರಿ. ಅಕ್ಷರಕ್ಕೆ ಮೊದಲು ಕಿತ್ತಳೆ ಹೊಡೆದು ಹದಿನಾಲ್ಕು ಅಕ್ಷರದ ಮಾಸ್ಕ್ ಅಂಟಿಸಿಟ್ಟುಕೊಳ್ಳುವುದು ಬಾಗಿಲ ಅಂಚುಗಳ ಬಳಿ ಕಷ್ಟ. ಅಕ್ಷರವನ್ನು ಕೊನೆಗೆ ಕುಂಚದಲ್ಲಿ ಬರೆಯಿರಿ. ಈ ಅಕ್ಷರಗಳು ಕೈಬರಹದ ಹಾಗೆ ಉಬ್ಬಿ ಬಾಗಿದವು, ಕುಂಚದ ಸಣ್ಣ ಏರಿಳಿತ ಅವಕ್ಕೆ ಹೊಂದುತ್ತದೆ.

ಪೇಂಟ್‌ಬೂತ್:
ನೀಲಿಯ ಮೇಲೆ ಕುಂಚದಲ್ಲಿ ಕಿತ್ತಳೆ ಬರೆದರೆ ಮುಚ್ಚುವುದಿಲ್ಲ ಅನ್ನುವ ಅದೇ ತೊಂದರೆ ಬರುವುದಿಲ್ಲವೇ ಸರ್?

ಬೋರ್ಡ್‌ಬರಹ:
ಬರುತ್ತದೆ, ಅದಕ್ಕೇ ಎರಡು ಸುತ್ತು. ಮೊದಲ ಸುತ್ತು ಬಿಳಿ, ಗೆರೆಗಿಂತ ಒಂದು ಮಿ.ಮೀ. ಒಳಗೆ. ಒಣಗಿದ ಮೇಲೆ ಕಿತ್ತಳೆ, ಪೂರ್ತಿ ಗೆರೆಯವರೆಗೆ. ಬೋರ್ಡ್ ಬರೆಯುವ ಎನಾಮೆಲ್, ಉದಾಹರಣೆಗೆ ಒನ್ ಶಾಟ್, ಮಾಮೂಲಿ ಎನಾಮೆಲ್‌ಗಿಂತ ಚೆನ್ನಾಗಿ ಮುಚ್ಚುತ್ತದೆ. ಆದರೆ ಅದರ ಮೇಲೆ ಯುರೆಥೇನ್ ಕ್ಲಿಯರ್ ಹೊಡೆದರೆ ಎನಾಮೆಲ್ ಸುಕ್ಕುಗಟ್ಟಿ ಏಳುವ ಸಾಧ್ಯತೆ ಇದೆ. ಹಾಗಾಗಿ ಕ್ಲಿಯರ್ ಹೊಡೆದು, ಉಜ್ಜಿ, ಪಾಲಿಶ್ ಮುಗಿಸಿ, ಅಕ್ಷರ ಬರುವ ಜಾಗವನ್ನು ಮಾತ್ರ ಬೂದು ಸ್ಕಾಚ್‌ಬ್ರೈಟ್‌ನಲ್ಲಿ ಮಂಕು ಮಾಡಿ ಬರೆಯಿರಿ. ಪಾಲಿಶ್‌ನಲ್ಲಿ ಸಿಲಿಕೋನ್ ಇದ್ದರೆ ಬಣ್ಣ ಕಣ್ಣು ಬಿಡುತ್ತದೆ, ಅಂದರೆ ಅಲ್ಲಲ್ಲಿ ಸರಿದು ಸಣ್ಣ ಗುಂಡಿ ಬೀಳುತ್ತದೆ. ಬರೆಯುವ ಮೊದಲು ಮೇಣ ತೆಗೆಯುವ ದ್ರಾವಣದಿಂದ ಎರಡು ಸಲ ಒರೆಸಿ, ಪ್ರತಿ ಸಲ ಹೊಸ ಬಟ್ಟೆ. ಹತ್ತು ವರ್ಷ ಕಳೆದು ಅಕ್ಷರ ಮಂಕಾದರೆ ಅದರ ಮೇಲೇ ತಿದ್ದಬಹುದು, ಕ್ಲಿಯರ್ ಮುಟ್ಟಬೇಕಾಗಿಲ್ಲ.

ಬ್ರೇಕ್‌ಡ್ರಮ್:
ಸ್ಟೆಪ್ನಿ ಪ್ರಶ್ನೆಗೆ ಉತ್ತರ ಬಾಕಿ ಇದೆ. ಎ100ರ ಮೂತಿಯಲ್ಲಿ ಹೆಡ್‌ಲೈಟುಗಳ ನಡುವೆ ಗಾಳಿ ಒಳಗೆ ಹೋಗುವ ಜಾಲರಿ ಇದೆ. ಅದರ ಮುಂದೆ ಟೈರು ಕಟ್ಟಿದರೆ ರೇಡಿಯೇಟರ್‌ಗೆ ಗಾಳಿ ಕಡಿಮೆ, ಎಂಜಿನ್ ಕಾವು ಹೆಚ್ಚು, ಆ ಕಾವು ನೇರ ಓಡಿಸುವವರ ಮೊಣಕಾಲಿಗೆ. ಜೊತೆಗೆ ಇವು ಮೊದಲೇ ಮೂಗುಭಾರದ ಗಾಡಿಗಳು. ಫೋರ್ಡ್‌ನವರು ಇಕಾನೊಲೈನ್‌ನಲ್ಲಿ ಸಮತೋಲನಕ್ಕೆಂದೇ ಹಿಂಭಾಗದಲ್ಲಿ ತೂಕ ಕಟ್ಟುತ್ತಿದ್ದರು. ಖಾಲಿ ವ್ಯಾನಿನಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತದೆ. 15-20 ಕೆ.ಜಿ. ಚಕ್ರವನ್ನು ಇನ್ನೂ ಮುಂದಕ್ಕೆ ನೇತುಹಾಕುವುದು ತಪ್ಪು.

ಸ್ಟೆಪ್ನಿ ಬೇಕೇ ಬೇಕು ಅಂದರೆ ಹುಸಿ ಸ್ಟೆಪ್ನಿ ಮಾಡಿ. ಅಲ್ಯೂಮಿನಿಯಂ ಪಟ್ಟಿಯ ಉಂಗುರ, ಒಳಗೆ ಖಾಲಿ, ಮೇಲೆ ಹೂವಿನ ಚಿತ್ರದ ಬಟ್ಟೆ ಕವರ್. ಒಟ್ಟು 3 ಕೆ.ಜಿ. ಮೀರದಿರಲಿ. ತಗಡಿನಿಂದ 80-100 ಮಿ.ಮೀ. ದೂರ ನಿಲ್ಲುವಂತೆ ನಾಲ್ಕು ಕಾಲು ಕೊಡಿ, ಪ್ರತಿ ಕಾಲಿನ ಹಿಂದೆ ತಗಡಿನ ಒಳಮೈಗೆ 3 ಮಿ.ಮೀ. ದಪ್ಪದ ಅಂಗೈ ಅಗಲದ ಆಧಾರ ತಟ್ಟೆ. ಬರಿ ವಾಷರ್ ಹಾಕಿ ಬಿಗಿದರೆ ಅದುರಿ ಅದುರಿ ಬೋಲ್ಟಿನ ಸುತ್ತ ತಗಡು ಬಿರಿಯುತ್ತದೆ. ಅಸಲಿ ಸ್ಟೆಪ್ನಿಯನ್ನು ಹಿಂದಿನ ಚಕ್ರದ ಕಮಾನಿನ ಹತ್ತಿರ ಒಳಗೆ ಕಟ್ಟಿ, ತೂಕ ಬೇಕಾದ ಕಡೆಗೇ ಹೋದಂತಾಯಿತು.

ಬಣ್ಣಕ್ಕೆ ಮೊದಲು ಇನ್ನೆರಡು ಕೆಲಸ. 1966ರದ್ದು ಒಂದೇ ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್. ಒಂದು ಪೈಪು ಒಡೆದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. ಎರಡು ಕೋಣೆಯ ಮಾಸ್ಟರ್ ಸಿಲಿಂಡರ್‌ಗೆ ಬದಲಿಸಿ, ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಪೈಪು ಎಳೆಯಿರಿ, ಡ್ರಮ್ ಇರುವ ಲೈನಿಗೆ 10 ಪಿಎಸ್‌ಐ ರೆಸಿಡುಯಲ್ ವಾಲ್ವ್ (ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್) ಇದೆಯೇ ನೋಡಿ. ಅದಿಲ್ಲದಿದ್ದರೆ ಮೊದಲ ಒತ್ತಿಗೆ ಪೆಡಲ್ ಕೆಳಕ್ಕಿಳಿದು ಎರಡನೇ ಒತ್ತಿಗೆ ಹಿಡಿಯುತ್ತದೆ. ಬ್ರೇಕ್ ಆಯಿಲ್ ಹೊಸ ಬಣ್ಣದ ಮೇಲೆ ಒಂದು ಹನಿ ಬಿದ್ದರೂ ಬಣ್ಣ ಕಿತ್ತುಬರುತ್ತದೆ, ಅದಕ್ಕೇ ಈ ಕೆಲಸ ಮೊದಲು.

ಇನ್ನೊಂದು, ಎಂಜಿನ್ ಪೆಟ್ಟಿಗೆಯ ಸುತ್ತಲಿನ ಸೀಲ್. ಇಷ್ಟು ವರ್ಷದ ರಬ್ಬರ್ ಕಲ್ಲಾಗಿರುತ್ತದೆ, ಸೈಲೆನ್ಸರ್ ಮ್ಯಾನಿಫೋಲ್ಡ್‌ನಲ್ಲಿ ಸಣ್ಣ ಬಿರುಕಿದ್ದರೂ ಹೊಗೆ ಒಳಗೆ. ಸೀಲ್ ಹೊಸದು ಹಾಕಿ, ಪೆಟ್ಟಿಗೆಯ ಒಳಮೈಗೆ ಅಲ್ಯೂಮಿನಿಯಂ ಮುಖದ ಶಾಖನಿರೋಧಕ ಹಾಳೆ ಅಂಟಿಸಿ, ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಸೀಟಿನ ಹತ್ತಿರ ಇಡಿ. ಮಕ್ಕಳು ಹತ್ತುವ ಗಾಡಿ ಇದು.

ಮಾರಿಗುಡಿ_ಬೀದಿ:
ಬೆಂಗಳೂರಿನಿಂದ ಕೇಳ್ತಿದೀನಿ. ಎ100 ಇಲ್ಲಿ ಸಿಗಲ್ಲ. ಹಳೇ ಮೆಟಡೋರ್ ಅಥವಾ ಸ್ಟ್ಯಾಂಡರ್ಡ್ 20 ವ್ಯಾನ್ ಸಿಕ್ಕಿದ್ರೆ ಅದಕ್ಕೆ ಇದೇ ಬಣ್ಣ ಹೊಡೀಬಹುದಾ? ಆರ್‌ಟಿಒ ಏನಂತಾರೆ?

ಆರ್‌ಸಿಪುಸ್ತಕ:
ಬಣ್ಣ ಬೇರೆ, ಆಕಾರ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮತ್ತು ಸುಪ್ರೀಂ ಕೋರ್ಟಿನ 2019ರ ಜನವರಿ ತೀರ್ಪಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯ ರಚನೆ ಬದಲಿಸುವಂತಿಲ್ಲ. ಬಾಡಿ ಕತ್ತರಿಸಿ ಮೂತಿ ಚಪ್ಪಟೆ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಬಣ್ಣ ಬದಲಿಸಬಹುದು, ಆದರೆ ಆರ್‌ಸಿಯಲ್ಲಿ ಬರೆದಿರುವ ಬಣ್ಣಕ್ಕೂ ಗಾಡಿಗೂ ತಾಳೆಯಾಗಬೇಕು. ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಬದಲಾವಣೆ ನಮೂದು ಮಾಡಿಸಿ.

ಗಾಡಿಗೆ 50 ವರ್ಷ ದಾಟಿದ್ದರೆ ಇನ್ನೊಂದು ವಿಷಯ ಯೋಚಿಸಿ. 2021ರ ಜುಲೈನಲ್ಲಿ ಬಂದ ನಿಯಮದಂತೆ ವಿಂಟೇಜ್ ನೋಂದಣಿ ಇದೆ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ನಂತರ ವಿಎ ಬರುತ್ತದೆ. ಹೊಸ ನೋಂದಣಿಗೆ 20,000 ರೂ., ಮರು ನೋಂದಣಿಗೆ 5,000 ರೂ., ಅವಧಿ 10 ವರ್ಷ. ಅದಕ್ಕೆ ಗಾಡಿ ಮೂಲರೂಪದಲ್ಲಿರಬೇಕು, ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಅಪರೂಪದ ಸ್ಟ್ಯಾಂಡರ್ಡ್ 20 ಮೂಲ ಬಣ್ಣದಲ್ಲೇ ಸಿಕ್ಕಿದರೆ ದಯವಿಟ್ಟು ಅದನ್ನು ಹಾಗೇ ಉಳಿಸಿ. ಬಣ್ಣ ಎರಡು ಮೂರು ಸಲ ಬದಲಾಗಿರುವ ಮೆಟಡೋರ್ ಈ ಕೆಲಸಕ್ಕೆ ಸಾಕು.

ಹುಟ್ಟುಹಬ್ಬದ ಪಾರ್ಟಿಗೆ ಬಾಡಿಗೆ ಬಿಡುವ ಆಲೋಚನೆ ಇದ್ದರೆ ಇನ್ನೂ ಒಂದು ತೊಡಕು. ಆ ಹೆಸರು, ಚಿತ್ರದ ಹಕ್ಕು ವಾರ್ನರ್ ಬ್ರದರ್ಸ್ ಬಳಿ ಇದೆ. ಹಣಕ್ಕೆ ಬಳಸುವ ಮೊದಲು ವಕೀಲರನ್ನು ಕೇಳಿ.

ಹಳೇವ್ಯಾನ್_ಒಹಾಯೊ:
ಕೊನೆಯದೊಂದು. ಫೈನ್‌ಲೈನ್ ಟೇಪ್ ಅಲೆಯ ತಿರುವಿನಲ್ಲಿ ಸುಕ್ಕಾಗುತ್ತಿದೆ. ರಟ್ಟಿನ ಮೇಲೆ ಹೊಡೆದು ನೋಡಿದಾಗ ಕಿತ್ತಳೆಯ ಅಂಚಿನಲ್ಲಿ ಅಲ್ಲಲ್ಲಿ ಗರಗಸದ ಹಲ್ಲಿನ ಹಾಗೆ ಬಂದಿದೆ.

ಪೇಂಟ್‌ಬೂತ್:
ತಿರುವಿಗೆ 6 ಮಿ.ಮೀ. ಟೇಪ್ ಬಳಸುತ್ತಿದ್ದೀರಿ ಅನ್ನಿಸುತ್ತದೆ. 3 ಮಿ.ಮೀ.ನದ್ದೇ ಬೇಕು. ಟೇಪನ್ನು ಹಿಗ್ಗಿಸಿ ಎಳೆದು ಕೂರಿಸಿದರೆ ಹತ್ತು ನಿಮಿಷದಲ್ಲಿ ಅದು ಕುಗ್ಗಿ ಒಳಗಿನ ಅಂಚು ಮೇಲೇಳುತ್ತದೆ. ರೋಲನ್ನು ಒಂದು ಕೈಯಲ್ಲಿ ಒಂದಡಿ ದೂರ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಹಿಂದಿನಿಂದ ಒತ್ತುತ್ತಾ ಹೋಗಿ. ತಿರುಗುವುದು ರೋಲ್ ಹಿಡಿದ ಕೈ, ಎಳೆಯುವುದಲ್ಲ.

ಹಲ್ಲು ಬಂದಿರುವುದು ತಡವಾಗಿ ಕಿತ್ತದ್ದಕ್ಕೆ. ಕೊನೆಯ ಕೋಟು ಮಂಕಾಗಿ, ಬೆರಳಿಗೆ ಅಂಟದ ಹಾಗೆ ಆದ ಕೂಡಲೇ, 15-20 ನಿಮಿಷದೊಳಗೆ ಟೇಪ್ ತೆಗೆಯಿರಿ. ಮೇಲಕ್ಕೆ ಎತ್ತಬೇಡಿ, ಟೇಪನ್ನು ಅದರ ಬೆನ್ನಿನ ಮೇಲೇ ಮಡಚಿ, ಬಣ್ಣದಿಂದ ದೂರಕ್ಕೆ ಓರೆಯಾಗಿ, ನಿಧಾನ. ಪೂರ್ತಿ ಒಣಗಿಬಿಟ್ಟಿದ್ದರೆ ಅಂಚಿನುದ್ದಕ್ಕೂ ಹೊಸ ಬ್ಲೇಡಿನಿಂದ ಮುಟ್ಟಿಯೂ ಮುಟ್ಟದ ಹಾಗೆ ಗೀರಿ, ಆಮೇಲೆ ಎಳೆಯಿರಿ.